ನಾಯಿಗೆ ತಾಳ್ಮೆಯ ಪಾಠ

ತಿರುಮಣಿಯ ಸುತ್ತಣ ಬಯಲಿನಲ್ಲಿ ಸೂರ್ಯವಿದ್ಯುತ್ತಿನ ಫಲಕಗಳು ನೆಲೆಗೊಂಡ ಬಳಿಕ ನಮ್ಮ ಹಳ್ಳಿಗಳ ಬಾಳಿನಲ್ಲಿ ಉಂಟಾದ ಮಾರ್ಪಾಡುಗಳನ್ನು ಕುರಿತು ವೃತ್ತಪತ್ರಿಕೆಗಳು ಬೇಕಾದಷ್ಟು ಬರೆದಿವೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲವನ್ನು ರೈತರು ಗುತ್ತಿಗೆಗೆ ಕೊಟ್ಟರು. ಎಕರೆಯೊಂದಕ್ಕೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಮೊದಲು ಗುತ್ತಿಗೆ ನಿಶ್ಚಯವಾಯಿತು. ೨೦೧೮ರಲ್ಲಿ ಉದ್ಘಾಟನೆ ನಡೆದು, ೨೦೧೯ರ ಕೊನೆಯ ವೇಳೆಗೆ ೨,೦೫೦ ಮೆಗಾವ್ಯಾಟ್ ಪ್ರಮಾಣದ ಕೆಲಸವು ಪೂರ್ಣವಾಯಿತು. ನೆಲದ ಒಡೆಯರಿಗೆ ಬಂದ ಹಣ, ನೆಲವಿಲ್ಲದ ಕೂಲಿಕಾರರಿಗೆ ತಪ್ಪಿದ ಕೆಲಸ, ಎಲ್ಲವೂ ಚರ್ಚೆಗೆ ಬಂದಿವೆ. ಆದರೆ ಈ ಲೆಕ್ಕಗಳಲ್ಲಿ ಎಲ್ಲಿಯೂ ಸೇರದೆ ಹೋದ ಪ್ರಾಣಿಯೊಂದುಂಟು. ಅದು ಕುರಿಮಂದೆಯ ನಾಯಿ.

ಮೇಯುವ ಬಯಲು ಬೇಲಿಯೊಳಗಾದುದರಿಂದ ಕುರಿ ಸಾಕುವವರಲ್ಲಿ ಅನೇಕರು ಮಂದೆಯನ್ನು ಕಡಮೆ ಮಾಡಿದರು. ಕೆಲವರು ಮಾರಿಯೇ ಬಿಟ್ಟರು. ಕುರಿಗೆ ಸಂತೆಯಲ್ಲಿ ಬೆಲೆಯುಂಟು, ನಾಯಿಗಿಲ್ಲ. ಆದಕಾರಣ ಕುರಿ ಹೋಯಿತು, ನಾಯಿ ಉಳಿಯಿತು. ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವುದಕ್ಕೆ ಹುಟ್ಟಿದ ಪ್ರಾಣಿ ಈಗ ಹಗಲಿಡೀ ಜಗಲಿಯ ಕೆಳಗೆ ಮಲಗಿ, ಸಂಜೆಯಾದೊಡನೆ ಕಂಡ ಮೋಟಾರು ಸೈಕಲ್ಲಿನ ಹಿಂದೆ ಓಡುವುದು, ನೆರೆಮನೆಯ ಕೋಳಿಯನ್ನಟ್ಟುವುದು, ಶಾಲೆಯಿಂದ ಬರುವ ಹುಡುಗರ ಕೈಯ ತಿಂಡಿಗೆ ಹಾರುವುದು, ಇವೇ ಮೊದಲಾದ ಉದ್ಯೋಗಗಳನ್ನು ಹುಡುಕಿಕೊಂಡಿದೆ. ಇದನ್ನು ಕಂಡು ನಾಯಿಗೆ ಕೊಬ್ಬು ಬಂದಿತೆಂದು ಜನರು ಹೇಳುವರು. ನಮಗೆ ಹಾಗೆ ತೋರುವುದಿಲ್ಲ. ಅದಕ್ಕೆ ಪಾಠ ಹೇಳುತ್ತಿದ್ದ ಶಾಲೆ ಮುಚ್ಚಿಹೋಯಿತು, ಅಷ್ಟೆ.

ಆ ಶಾಲೆಯ ಕ್ರಮವನ್ನು ನಾವು ಬಹುಕಾಲ ಹತ್ತಿರದಿಂದ ಕಂಡಿದ್ದೇವೆ. ನಮ್ಮ ಸೀಮೆಯ ಮಂದೆನಾಯಿಯು ಪಾಶ್ಚಾತ್ಯ ದೇಶಗಳ ಕುರಿನಾಯಿಯಂತೆ ಸಿಳ್ಳಿನ ಸನ್ನೆಗೆ ಓಡಿ ಮಂದೆಯನ್ನು ತಿರುಗಿಸುವ ನಾಯಿಯಲ್ಲ. ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆಯನ್ನು ನಿಲ್ಲಿಸಿದ ರಾತ್ರಿಗಳಲ್ಲಿ ತೋಳ, ಚಿರತೆ, ಕಳ್ಳರು ಹತ್ತಿರ ಸುಳಿಯದಂತೆ ಕಾಯುವುದೇ ಅದರ ಕೆಲಸ. ಕಣ್ಣು ತೆರೆದ ಕೆಲವೇ ದಿನಗಳಿಂದ ಮರಿಯು ಕುರಿಮರಿಗಳ ನಡುವೆ ಬೆಳೆಯುತ್ತದೆ. ಆಟದ ಭರದಲ್ಲಿ ಕುರಿಮರಿಯ ಕಿವಿಯನ್ನು ಹಿಡಿದರೆ ತಾಯಿಕುರಿ ತಲೆಯಿಂದ ಗುದ್ದುತ್ತದೆ. ಹಿರಿಯ ನಾಯಿಯ ಅನ್ನಕ್ಕೆ ಬಾಯಿ ಹಾಕಹೋದರೆ ಅದು ಹಲ್ಲು ತೋರಿಸಿ ಗುರುಗುಟ್ಟಿ ಅಲ್ಲಿಗೆ ನಿಲ್ಲಿಸುತ್ತದೆ, ಗಾಯ ಮಾಡುವುದಿಲ್ಲ. ಒಡಹುಟ್ಟಿದ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಕಿರುಚಿ ಆಟವನ್ನೇ ಬಿಟ್ಟು ಹೋಗುತ್ತದೆ. ಕಚ್ಚಿದವನಿಗೆ ಬೇಕಾದುದು ಆಟ; ಆಟ ನಿಂತುಹೋಯಿತು; ಹೀಗೆ ಎಷ್ಟು ಹಲ್ಲೂರಿದರೆ ಆಟ ಉಳಿಯುವುದೆಂಬ ಅಳತೆ ಅದರ ಬಾಯಿಗೆ ತಾನಾಗಿ ಬರುತ್ತದೆ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವೇ ನಾಯಿಮರಿಯ ಮನಸ್ಸು ಲೋಕವನ್ನು ಒಪ್ಪಿಕೊಳ್ಳುವ ಕಾಲವೆಂದು ಪ್ರಾಣಿಗಳ ನಡೆವಳಿಯನ್ನು ಶೋಧಿಸಿದವರು ನಿರ್ಣಯಿಸಿದ್ದಾರೆ. ಆದುದರಿಂದಲೇ ಎರಡು ತಿಂಗಳು ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಿ ತರುವುದು ಸಲ್ಲದು. ಒಂದು ತಿಂಗಳ ಮರಿ ಮುದ್ದಾಗಿರುವುದೆಂದು ತಂದವರು, ತಾಯಿ ಮತ್ತು ಒಡಹುಟ್ಟಿದವು ಪುಕ್ಕಟೆಯಾಗಿ ಹೇಳಿಕೊಡುತ್ತಿದ್ದ ಪಾಠವನ್ನು ತಮ್ಮ ಬೆರಳು ಕೊಟ್ಟು ಕಲಿಸಬೇಕಾಗುತ್ತದೆ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ವೃದ್ಧ ತಾಯಿ ಇರುವರು. ಮಂದೆಯನ್ನು ಮಾರಿದ ಮೇಲೆ ಅವರ ಮನೆಯಲ್ಲಿ ಕರಿಯನೆಂಬ ನಾಯಿಯೊಂದು ಉಳಿಯಿತು. ಅದು ಮೊದಲು ಒಂದು ಕೋಳಿಯನ್ನು ಹಿಡಿಯಿತು, ತಿಂಗಳೊಳಗಾಗಿ ಇನ್ನೆರಡು, ಬಳಿಕ ಪಕ್ಕದ ಬೀದಿಯ ಕುರಿಮರಿಯೊಂದರ ಹಿಂಗಾಲಿಗೆ ಬಾಯಿ ಹಾಕಿತು. ತನ್ನ ಮಂದೆಯ ಮರಿಯಾಗಿದ್ದರೆ ಪ್ರಾಣ ಕೊಟ್ಟು ಕಾಯುತ್ತಿದ್ದ ನಾಯಿ ಅದೇ. ಅಂದು ಸಂಜೆ ಕಟ್ಟೆಯ ಮೇಲೆ ಸೇರಿದವರು ಎರಡು ಉಪಾಯಗಳನ್ನು ಮುಂದಿಟ್ಟರು. ಒಂದು, ವಿಷ. ಇನ್ನೊಂದು, ಸರಕಿನ ಆಟೋದಲ್ಲಿ ಹಾಕಿಕೊಂಡು ಹೋಗಿ ಗಡಿಯಾಚೆ ಬಿಟ್ಟುಬರುವುದು. ನಮ್ಮ ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರದ ನೆಲವೇ ಸುತ್ತುವರಿದಿರುವುದರಿಂದ ಈ ಎರಡನೆಯ ಉಪಾಯ ನಮ್ಮಲ್ಲಿ ಬಹು ಸುಲಭ. ಆ ಕಡೆಯವರೂ ಇದೇ ಉಪಾಯವನ್ನು ಬಲ್ಲರು. ಆದುದರಿಂದ ನಾಯಿಗಳ ಸಂಖ್ಯೆ ಮಾತ್ರ ಎರಡು ಕಡೆಯೂ ಸರಿಸಮನಾಗಿರುವುದು. ಆ ತಾಯಿ ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ನಿಂತು, "ಮೇಷ್ಟ್ರೇ, ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದೋರು ನೀವು. ಇದಕ್ಕೂ ಒಂದೀಟು ಹೇಳಿ. ಹೊರಗೆ ಬಿಟ್ಟರೆ ಇದು ಬದುಕಾಕಿಲ್ಲ" ಎಂದರು. ಊರವರಿಂದ ಎರಡು ತಿಂಗಳ ಅವಧಿಯನ್ನು ಕೇಳಿ ಪಡೆದುದಾಯಿತು. ಈ ಪುಟದಲ್ಲಿ ಮುಂದೆ ಹೇಳುವುದರಲ್ಲಿ ಬಹುಪಾಲು ಆ ಎರಡು ತಿಂಗಳಲ್ಲಿ ನಡೆದುದು. ಹೇಳಿದುದು ನಾವು ಸ್ವಲ್ಪ, ಮಾಡಿದವರು ಅವರು.

ಮೊದಲು, ನಾಯಿಗೆ ಕಲಿಸಬೇಕಾದುದೇನೆಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ವೇದಾಂತಗ್ರಂಥಗಳಲ್ಲಿ ಶಮವೆಂದೂ ದಮವೆಂದೂ ಎರಡು ಸಂಪತ್ತುಗಳನ್ನು ಬೇರೆಬೇರೆಯಾಗಿ ಎಣಿಸಿರುವರು. ದಮವೆಂದರೆ ಹೊರಗಣ ಇಂದ್ರಿಯಗಳನ್ನು ತಡೆದಿಡುವುದು. ಶಮವೆಂದರೆ ಒಳಗಣ ಮನಸ್ಸು ತಣ್ಣಗಾಗಿರುವುದು. ದೊಣ್ಣೆಯನ್ನು ಕಂಡು ಕೋಳಿಯ ಕಡೆ ಹೋಗದೆ ನಿಂತ ನಾಯಿಯಲ್ಲಿ ದಮವುಂಟು, ಶಮವಿಲ್ಲ. ಅದರ ಮೈ ಬಿಲ್ಲಿನಂತೆ ಬಿಗಿದಿರುತ್ತದೆ. ಕಣ್ಣು ಕೋಳಿಯ ಮೇಲೆಯೇ ಇರುತ್ತದೆ. ದೊಣ್ಣೆ ಹಿಡಿದವರು ಒಳಗೆ ಹೋದೊಡನೆ ಬಾಣ ಬಿಟ್ಟಂತೆ ಹೊರಡುತ್ತದೆ. ಕೊರಳಿಗೆ ಮರದ ತುಂಡನ್ನು ಕಟ್ಟಿ ಓಡದಂತೆ ಮಾಡುವುದೂ ಇದೇ ಜಾತಿಯ ಉಪಾಯ. ಮರದ ತುಂಡಿನಿಂದ ಕೋಳಿ ಉಳಿಯಬಹುದು, ನಾಯಿ ಏನನ್ನೂ ಕಲಿಯುವುದಿಲ್ಲ. ತಾಳಿಕೊಂಡರೆ ಲಾಭವುಂಟೆಂದು ನಾಯಿಗೆ ತಾನೇ ತಿಳಿಯುವಂತೆ ಮಾಡಿದಾಗ ಮಾತ್ರ ಆ ಬಿಗಿತ ಸಡಲುವುದು. ಆಗ ಅದು ನೆಲ ಮೂಸುತ್ತದೆ, ಮೈ ಕೊಡವಿಕೊಳ್ಳುತ್ತದೆ, ನಮ್ಮ ಮುಖ ನೋಡುತ್ತದೆ. ಕಲಿಸುವವರು ಕಾಯಬೇಕಾದುದು ಈ ಗುರುತುಗಳನ್ನು.

ಆರಂಭವು ಊಟದ ತಟ್ಟೆಯಿಂದ. ಇದಕ್ಕೆ ಬೇರೆ ಸಾಮಗ್ರಿ ಬೇಡ, ಬೇರೆ ಹೊತ್ತೂ ಬೇಡ. ಹೇಗೂ ದಿನಕ್ಕೆ ಎರಡು ಸಲ ನಾಯಿಗೆ ಹಾಕಲೇಬೇಕು. ಮುದ್ದೆ, ಮಜ್ಜಿಗೆ ಕಲಸಿದ ತಟ್ಟೆಯನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಕೆಳಗಿಳಿಸುವುದು. ನಾಯಿ ನುಗ್ಗಿದರೆ ಮಾತಿಲ್ಲದೆ ತಟ್ಟೆಯನ್ನು ಮೇಲಕ್ಕೆತ್ತುವುದು. ಬೈಯಬಾರದು, ನೂಕಬಾರದು. ಅದು ಹಿಂದೆ ಸರಿದರೆ ಅಥವಾ ಕುಳಿತರೆ ಮತ್ತೆ ಇಳಿಸುವುದು. ಕರಿಯನ ವಿಷಯದಲ್ಲಿ ಮೊದಲ ದಿನ ತಟ್ಟೆ ಹದಿನಾಲ್ಕು ಸಲ ಏರಿ ಇಳಿಯಿತು. ಆ ತಾಯಿಯ ಸೊಂಟ ಹಿಡಿದುಕೊಂಡಿತು. ಐದನೆಯ ದಿನ ಅದು ತಟ್ಟೆಯನ್ನು ಕಂಡೊಡನೆ ಕುಳಿತಿತು. ನೆಲಕ್ಕೆ ತಟ್ಟೆ ತಗುಲಿದ ಬಳಿಕ ಎರಡು ಉಸಿರಿನಷ್ಟು ಕಾಲ ತಡೆದು, "ಹೂಂ, ತಿನ್ನು" ಎಂದು ಬಿಡುವುದು. ಮರುದಿನ ಮೂರು ಉಸಿರು. ಹೀಗೆ ಹದಿನೈದು ದಿನಗಳಲ್ಲಿ ಇಪ್ಪತ್ತು ಉಸಿರಿನವರೆಗೆ ಹೋಗಬಹುದು. ಅದಕ್ಕಿಂತ ಹೆಚ್ಚಿಗೆ ಹೋಗುವುದು ಅನಾವಶ್ಯಕ. ಊಟವನ್ನು ಮುಂದಿಟ್ಟುಕೊಂಡು ಕಾಲುಗಂಟೆ ಕೂಡಿಸಿ ಬಂದವರಿಗೆಲ್ಲ ತೋರಿಸುವ ಯಜಮಾನರನ್ನೂ ನಾವು ಕಂಡಿದ್ದೇವೆ. ಅದರಿಂದ ಯಜಮಾನರ ಹೆಮ್ಮೆ ಬೆಳೆಯುವುದೇ ಹೊರತು ನಾಯಿಯ ಗುಣವಲ್ಲ.

ತಾಳ್ಮೆಗೂ ಆಯಾಸವುಂಟು. ೨೦೧೦ರಲ್ಲಿ ಅಮೆರಿಕದ ವಿದ್ವಾಂಸರು ಕೆಲವು ನಾಯಿಗಳನ್ನು ಹತ್ತು ನಿಮಿಷ ಅಲುಗದೆ ಕೂಡಿಸಿ, ಆಮೇಲೆ ಒಳಗೆ ತಿನಿಸಿರುವ, ಆದರೆ ತೆಗೆಯಲು ಬಾರದ ಆಟಿಕೆಯೊಂದನ್ನು ಕೊಟ್ಟು ನೋಡಿದರು. ಸುಮ್ಮನೆ ಪಂಜರದಲ್ಲಿದ್ದು ಬಂದ ನಾಯಿಗಳು ಬಹಳ ಹೊತ್ತು ಪ್ರಯತ್ನಪಟ್ಟವು. ತಡೆದುಕೊಂಡು ಕುಳಿತು ಬಂದವು ಬೇಗನೆ ಕೈಬಿಟ್ಟವು. ತಡೆದುಕೊಳ್ಳುವುದರಲ್ಲಿಯೇ ಅವುಗಳ ಶಕ್ತಿ ವೆಚ್ಚವಾಗಿರಬೇಕೆಂದು ಅವರ ಊಹೆ. ಶಾಲೆಯಲ್ಲಿ ಮಧ್ಯಾಹ್ನದ ಕೊನೆಯ ಪಾಠವನ್ನು ಹೇಳಿದ ಯಾರಿಗೂ ಇದು ಹೊಸ ಸಂಗತಿಯಲ್ಲ. ಪಾಠ ಐದು ನಿಮಿಷ ಮೀರಬಾರದು. ಪಾಠ ಮುಗಿದ ಕೂಡಲೇ ಓಡಾಟಕ್ಕೆ ಬಿಡಬೇಕು. ಮುಂಜಾನೆ ಒಂದು ಗಂಟೆ ಹೊಲದ ಬದುವಿನ ಮೇಲೆ ನಡೆದು ಬಂದ ನಾಯಿಗೆ ಕಲಿಸುವುದು, ದಿನವಿಡೀ ಕಟ್ಟಿಹಾಕಿದ ನಾಯಿಗೆ ಕಲಿಸುವುದಕ್ಕಿಂತ ಎಷ್ಟೋ ಸುಲಭ.

ಇನ್ನು ಮಾತಿನ ವಿಷಯ. ನಮ್ಮದು ಗಡಿನಾಡು. ಕರಿಯನಿಗೆ ಆ ತಾಯಿ "ಕೂತ್ಕೋ" ಎನ್ನುವರು. ಅವರ ಸೊಸೆ ಆಚೆ ಸೀಮೆಯಿಂದ ಬಂದವರಾದುದರಿಂದ "ಕೂರ್ಚೋ" ಎನ್ನುವರು. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ "ಸಿಟ್" ಎನ್ನುವನು. ನಾಯಿ ಮೂವರ ಮುಖವನ್ನೂ ನೋಡಿ ನಿಂತೇ ಇರುವುದು. ಮೂವರೂ ಅದು ಹಟಮಾರಿಯೆಂದು ತೀರ್ಮಾನಿಸುವರು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವಾದುದೆಂದು ಮೀಮಾಂಸಕರ ಮತ. ಅದು ಸಂಕೇತದಿಂದ ಉಂಟಾದುದೆಂದು ನೈಯಾಯಿಕರ ಮತ. ನಾಯಿ ನಿಸ್ಸಂದೇಹವಾಗಿ ನೈಯಾಯಿಕರ ಪಕ್ಷ. ಭಾಷೆ ಯಾವುದಾದರೂ ಆಗಲಿ, ಮನೆಮಂದಿಯೆಲ್ಲ ಕೂಡಿ ಒಂದು ಶಬ್ದವನ್ನು ಗೊತ್ತುಮಾಡಿಕೊಂಡು ಅದನ್ನೇ ಬಳಸಬೇಕು. ಕೂರುವುದಕ್ಕೊಂದು, ತಾಳುವುದಕ್ಕೊಂದು, ಬಿಡುಗಡೆಗೊಂದು, ಇಷ್ಟು ಸಾಕು. ಬಿಡುಗಡೆಯ ಶಬ್ದವು ಅತ್ಯಾವಶ್ಯಕ. ಅದಿಲ್ಲದಿದ್ದರೆ ತಾಳುವುದು ಎಂದಿಗೆ ಮುಗಿಯುವುದೆಂಬುದು ನಾಯಿಗೆ ಗೊತ್ತಾಗದೆ ತಾನೇ ಮುಗಿಸಿಕೊಳ್ಳುತ್ತದೆ. ಶಬ್ದಕ್ಕಿಂತಲೂ ಹೆಚ್ಚಾಗಿ ನಡತೆಯಲ್ಲಿ ಏಕಮತವಿರಬೇಕು. ಅಜ್ಜಿ ತಟ್ಟೆಯನ್ನು ಎತ್ತಿ ತಾಳ್ಮೆ ಕಲಿಸುತ್ತಿರುವಾಗ, ಮೊಮ್ಮಗ ತನ್ನ ತಟ್ಟೆಯಿಂದ, ಅದೂ ನಾಯಿ ಕಾಲು ಕೆರೆದು ಬೇಡಿದಾಗ, ತುಂಡು ರೊಟ್ಟಿ ಎಸೆಯುತ್ತಿದ್ದರೆ, ಅಲ್ಲಿ ಎರಡು ಶಾಲೆಗಳು ನಡೆಯುತ್ತಿವೆಯೆಂದು ತಿಳಿಯಬೇಕು. ಹುಡುಗನ ಶಾಲೆಗೆ ಹಾಜರಿ ಹೆಚ್ಚು.

ತಟ್ಟೆಯಲ್ಲಿ ಗೆದ್ದ ಮೇಲೆ ಹೊಸಲು. ಹೊಸಲಿನ ಬಳಿಕ ಕೋಳಿ. ಬಾಗಿಲು ತೆರೆದಾಗ ನುಗ್ಗಿದರೆ ಬಾಗಿಲು ಮುಚ್ಚುವುದು, ನಿಂತರೆ ತೆರೆಯುವುದು, ಇಷ್ಟೇ ಹೊಸಲಿನ ಪಾಠ. ಕೋಳಿಯ ಪಾಠ ಕಷ್ಟತರವಾದುದು, ಏತಕ್ಕೆಂದರೆ ತಟ್ಟೆ ಓಡುವುದಿಲ್ಲ. ಇಲ್ಲಿ ಎಲ್ಲವೂ ದೂರದ ಮೇಲೆ ನಿಂತಿದೆ. ಗಟ್ಟಿಯಾದ ಹಗ್ಗದಲ್ಲಿ ನಾಯಿಯನ್ನು ಹಿಡಿದು, ಅದು ಕೋಳಿಯನ್ನು ಕಂಡೂ ಬಿಗಿಯದಿರುವಷ್ಟು ದೂರದಲ್ಲಿ ನಿಲ್ಲಬೇಕು. ಕರಿಯನಿಗೆ ಆ ದೂರ ಐವತ್ತು ಮಾರು. ಅಲ್ಲಿ ಅದು ಕೋಳಿಯನ್ನು ನೋಡಿ, ಮತ್ತೆ ಯಜಮಾನಿತಿಯ ಮುಖ ನೋಡಿದ ಕ್ಷಣದಲ್ಲಿ ಹುರಿಗಡಲೆಯಷ್ಟು ಗಾತ್ರದ ಒಂದು ತುಣುಕು ಬೇಯಿಸಿದ ಮೊಟ್ಟೆ. ಕೋಳಿಯನ್ನು ಬಿಟ್ಟುದಕ್ಕೆ ಕೋಳಿಮೊಟ್ಟೆಯ ಬಹುಮಾನವೇ ಎಂದು ನೆರೆಯವರು ನಕ್ಕರು. ಮೊಟ್ಟೆಗೆ ಒಗ್ಗದ ಮನೆಯವರು ಬೆಲ್ಲ ಬೆರೆಸದ ಗಿಣ್ಣನ್ನೋ, ಒಣರೊಟ್ಟಿಯ ಚೂರನ್ನೋ ಕೊಡಬಹುದು. ನಾಯಿಗೆ ಮೆಚ್ಚಾಗಿದ್ದರೆ ಸರಿ. ದಿನಕ್ಕೆ ಒಂದೆರಡು ಮಾರು ಹತ್ತಿರ ಸರಿಯುವುದು. ನಾಯಿ ಬಿಗಿದು ನಿಂತಿತೋ, ಮುಂದೆ ಬಂದುದು ಹೆಚ್ಚಾಯಿತೆಂದು ತಿಳಿದು ಹಿಂದಕ್ಕೆ ಹೋಗಬೇಕು. ಜಗ್ಗಿ ಹೊಡೆಯಬಾರದು. ಆರನೆಯ ವಾರದ ಹೊತ್ತಿಗೆ ಕರಿಯ ಕೋಳಿಗಳ ನಡುವೆ ಹಗ್ಗ ಸಡಲಿಸಿಕೊಂಡು ನಡೆಯಿತು. ಹಗ್ಗವನ್ನು ಬಿಚ್ಚಿದುದು ಒಂಬತ್ತನೆಯ ವಾರದಲ್ಲಿ. ಊರವರು ಕೊಟ್ಟ ಅವಧಿಗೆ ಅದು ಒಂದು ವಾರ ಮೀರಿತು, ಯಾರೂ ಎಣಿಸಲಿಲ್ಲ.

ಹೊಡೆಯಬಾರದೆಂದು ನಾವು ಹೇಳುವುದು ಮೃದುತನದಿಂದಲ್ಲ. ನಾಯಿ ಗುರುಗುಟ್ಟುವುದು ಒಂದು ಎಚ್ಚರಿಕೆಯ ಮಾತು. ಗುರುಗುಟ್ಟಿದುದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಸಿಟ್ಟನ್ನು ಬಿಡುವುದಿಲ್ಲ. ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಕೋಳಿ ಹಿಡಿದು ಅರ್ಧ ಗಂಟೆಯಾದ ಮೇಲೆ ಹತ್ತಿರ ಕರೆದು ಹೊಡೆದರೆ, ಕರೆದಾಗ ಬಂದುದಕ್ಕೆ ಪೆಟ್ಟು ಬಿತ್ತೆಂದೇ ಅದು ಗ್ರಹಿಸುತ್ತದೆ. "ಮಾಡಿದ ತಪ್ಪು ಅದಕ್ಕೆ ಗೊತ್ತು, ಮುಖ ನೋಡಿರಿ" ಎನ್ನುವರು. ಈ ಮುಖವನ್ನು ೨೦೦೯ರಲ್ಲಿ ನ್ಯೂಯಾರ್ಕಿನ ವಿದುಷಿಯೊಬ್ಬರು ಪರೀಕ್ಷಿಸಿದರು. ತಿನ್ನಬೇಡವೆಂದು ಹೇಳಿದ ತಿನಿಸನ್ನು ತಿಂದ ನಾಯಿಯೂ ತಿನ್ನದ ನಾಯಿಯೂ, ಯಜಮಾನರು ಗದರಿದಾಗ, ಒಂದೇ ಬಗೆಯಾಗಿ ತಲೆ ತಗ್ಗಿಸಿ ಕಿವಿ ಇಳಿಬಿಟ್ಟವು. ತಪ್ಪು ಮಾಡದೆ ಗದರಿಕೆ ತಿಂದ ನಾಯಿಗಳಲ್ಲಿ ಆ ಮುಖ ಇನ್ನೂ ಹೆಚ್ಚಾಗಿ ಕಂಡಿತು. ಅದು ಅಪರಾಧಿಯ ಮುಖವಲ್ಲ, ಅಂಜಿದವರ ಮುಖ.

ಇದನ್ನು ಓದಿದಾಗ ನಮಗೆ ಮಹಾಭಾರತದ ಆದಿಪರ್ವ ನೆನಪಿಗೆ ಬಂದಿತು. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗದಲ್ಲಿ ತೊಡಗಿದ್ದಾಗ ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ಅರಸನ ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತ ತಾಯಿಯ ಬಳಿಗೆ ಓಡಿ, ತಾನು ಹವಿಸ್ಸನ್ನು ನೆಕ್ಕುವುದಿರಲಿ, ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲವೆಂದು ಹೇಳಿಕೊಂಡಿತು. ಸರಮೆ ನೆಟ್ಟಗೆ ಯಾಗಶಾಲೆಗೆ ಬಂದು, ತಪ್ಪಿಲ್ಲದ ಮಗನನ್ನು ಏತಕ್ಕೆ ಹೊಡೆದಿರೆಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದಿರುವ ಭಯವೊಂದು ನಿಮ್ಮ ಮೇಲೆ ಬರಲಿ ಎಂದು ಅವಳು ಶಪಿಸಿದಳು; ಅರಸನು ಕಳವಳಗೊಂಡು ಆ ಪಾಪವನ್ನು ಕಳೆಯಬಲ್ಲ ಪುರೋಹಿತನನ್ನು ಹುಡುಕುತ್ತ ಹೊರಟನು. ಅಷ್ಟು ದೊಡ್ಡ ಇತಿಹಾಸದ ಮೊದಲಲ್ಲಿಯೇ ಈ ಕಥೆಯನ್ನಿಟ್ಟುದು ಸುಮ್ಮನೆ ಇರಲಾರದು. ಹವಿಸ್ಸನ್ನು ಮುಂದಿಟ್ಟುಕೊಂಡು ನೋಡದೆ ನಿಂತ ಮರಿಗಿಂತ ಹೆಚ್ಚಿನ ತಾಳ್ಮೆಯನ್ನು ಯಾವ ನಾಯಿಯಲ್ಲಿ ಕಾಣಬೇಕು? ಅದಕ್ಕೇ ಪೆಟ್ಟು ಬಿದ್ದರೆ ಇನ್ನು ತಾಳುವುದೇಕೆ? ಮನೆಗಳಲ್ಲಿ ಇದು ದಿನವೂ ನಡೆಯುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ಕುಳಿತ ನಾಯಿಗೆ "ಏನೋ ಹೊಂಚುಹಾಕಿದೆ" ಎಂದು ಬಡಿಗೆ ಬೀಳುವುದು; ಬೊಗಳಿ ಕಾಟ ಕೊಟ್ಟ ನಾಯಿಗೆ, ಒಮ್ಮೆ ಸುಮ್ಮನಿದ್ದರೆ ಸಾಕೆಂದು, ರೊಟ್ಟಿ ಬೀಳುವುದು.

ಸರಮೆಯ ವಿಷಯವಾಗಿ ಇನ್ನೊಂದು ಮಾತು. ಋಗ್ವೇದದ ಹತ್ತನೆಯ ಮಂಡಲದಲ್ಲಿ, ಕದ್ದ ಹಸುಗಳನ್ನು ಹುಡುಕಿಬಂದ ಅವಳಿಗೆ ಪಣಿಗಳು ಗೋವುಗಳಲ್ಲಿ ಪಾಲು ಕೊಡುವೆವೆಂದು ಆಸೆ ತೋರಿಸಿದಾಗ ಅವಳು ನಿರಾಕರಿಸುವಳು. ಬೃಹದ್ದೇವತೆಯಲ್ಲಿ ಅವಳು ಪಣಿಗಳು ಕೊಟ್ಟ ಹಾಲನ್ನು ಕುಡಿದು ಬಂದು ಇಂದ್ರನಿಗೆ ಸುಳ್ಳು ಹೇಳಿದಳೆಂದಿದೆ. ನಮ್ಮ ಅನುಭವದಲ್ಲಿ ನಾಯಿಗಳು ಈ ಎರಡು ಪಾಠಗಳಿಗೂ ಸೇರುವುವು. ಹೊಟ್ಟೆ ತುಂಬಿದ್ದರೆ ಋಗ್ವೇದ, ಹಸಿದಿದ್ದರೆ ಬೃಹದ್ದೇವತೆ. ಹಸಿದ ನಾಯಿಗೆ ತಾಳ್ಮೆ ಕಲಿಸಹೊರಡುವುದು ಅನ್ಯಾಯ. ಊರಿನಲ್ಲಿ ಕೋಳಿ ಹಿಡಿಯುವ ನಾಯಿಗಳಲ್ಲಿ ಅರ್ಧಕ್ಕೆ ಎರಡು ಹೊತ್ತಿನ ಮುದ್ದೆ ಸಿಕ್ಕಿದರೆ ಪಾಠದ ಅರ್ಧ ಮುಗಿಯುವುದೆಂದು ನಾವು ತಿಳಿಯುತ್ತೇವೆ.

ಶಿರಾದಿಂದ ಒಬ್ಬ ಸೋದರಿಯವರು ಈ ಪುಟಕ್ಕೆ ಬರೆದ ಪತ್ರದಲ್ಲಿ, ತಮ್ಮ ಮಗನು ಮುಧೋಳದ ನಾಯಿಮರಿಯನ್ನು ತಂದಿರುವನೆಂದೂ, ಎಂಟು ತಿಂಗಳಾಗಿರುವ ಅದು ಕಲಿತ ಪಾಠವನ್ನೆಲ್ಲ ಮರೆತು ಬೀದಿಯಲ್ಲಿ ಓಡುವ ಪ್ರತಿಯೊಂದನ್ನೂ ಅಟ್ಟುವುದೆಂದೂ ತಿಳಿಸಿ, ಇದು ಜಾತಿಯ ದೋಷವೇ, ವಯಸ್ಸಿನ ದೋಷವೇ ಎಂದು ಕೇಳಿದ್ದಾರೆ. ಎರಡೂ ಕೂಡಿವೆ. ಎರಡೂ ದೋಷವಲ್ಲ.

ಮುಧೋಳದ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಮುಧೋಳದ ಅರಸರಾದ ಘೋರ್ಪಡೆಯವರು ಅದನ್ನು ಪೋಷಿಸಿ, ಆಂಗ್ಲ ಚಕ್ರವರ್ತಿ ಐದನೆಯ ಜಾರ್ಜರಿಗೆ ಕಾಣಿಕೆಯಾಗಿಯೂ ಕೊಟ್ಟರು. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ಜಾತಿಯ ಸಂರಕ್ಷಣೆಗೆಂದೇ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರವೊಂದುಂಟು. ೨೦೧೬ರಲ್ಲಿ ಇದರ ಮರಿಗಳನ್ನು ಸೈನ್ಯದವರು ಶಿಕ್ಷಣಕ್ಕಾಗಿ ಮೀರತ್ತಿಗೆ ಒಯ್ದರು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ದೇಶೀಯ ನಾಯಿಗಳನ್ನು ಹೊಗಳುತ್ತ ಇದರ ಹೆಸರನ್ನೂ ಹೇಳಿದರು. ಹೊಗಳಿಕೆಯನ್ನು ಕೇಳಿ ತಂದವರು ಅದರ ಕಾಲನ್ನು ನೋಡುವುದು ಮರೆತರೆಂದು ತೋರುತ್ತದೆ. ಆ ಉದ್ದ ಕಾಲುಗಳು ಮೊಲದ ಹಿಂದೆ ಓಡುವುದಕ್ಕಾಗಿ ತಲೆತಲಾಂತರದಿಂದ ಆಯ್ದು ಬೆಳೆಸಿದವು. ಅಂತಹ ನಾಯಿಗೆ ಊಟದ ತಟ್ಟೆಯ ಮುಂದೆ, ಹೊಸಲಿನಲ್ಲಿ, ಮನೆಯ ಮಕ್ಕಳ ನಡುವೆ ತಾಳ್ಮೆ ಚೆನ್ನಾಗಿ ಬರುತ್ತದೆ. ಓಡುತ್ತಿರುವ ಮೊಲದ ಮುಂದೆ ಬರುತ್ತದೆಂದು ನಂಬಿ ಹೆದ್ದಾರಿಯ ಪಕ್ಕದಲ್ಲಿ ಹಗ್ಗ ಬಿಚ್ಚಬಾರದು. ಬೇಲಿಯಿರುವ ಬಯಲಿನಲ್ಲಿ ದಿನವೂ ಮನಸಾರೆ ಓಡಿಸಬೇಕು.

ವಯಸ್ಸಿನ ಮಾತಿಗೆ ಬಂದರೆ, ಇಂಗ್ಲೆಂಡಿನವರು ೨೦೨೦ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. ಎಂಟು ತಿಂಗಳ ಪ್ರಾಯದ ನಾಯಿಗಳು ತಮ್ಮನ್ನು ಸಾಕಿದವರು "ಕೂರು" ಎಂದರೆ ಐದು ತಿಂಗಳಲ್ಲಿ ಕೇಳುತ್ತಿದ್ದುದಕ್ಕಿಂತ ಕಡಮೆ ಕೇಳಿದವು. ಅಪರಿಚಿತರು ಹೇಳಿದರೆ ಹಾಗಾಗಲಿಲ್ಲ. ಹದಿಹರೆಯದ ಮಕ್ಕಳಿರುವ ಮನೆಯವರು ಇದಕ್ಕೆ ವ್ಯಾಖ್ಯಾನವನ್ನು ಬೇಡರು. ಒಂದು ವರ್ಷ ತುಂಬುವ ವೇಳೆಗೆ ಇದು ಇಳಿಯುತ್ತದೆ. ಈ ತಿಂಗಳುಗಳಲ್ಲಿಯೇ ಬೇಸತ್ತು ನಾಯಿಯನ್ನು ಬೀದಿಗೆ ಬಿಡುವವರು ಹೆಚ್ಚು. ಆ ಸೋದರಿಯವರು ಇನ್ನು ನಾಲ್ಕು ತಿಂಗಳು ಹಗ್ಗವನ್ನು ಬಿಡದೆ, ಮೊದಲ ಪಾಠಗಳನ್ನೇ ಸಣ್ಣದಾಗಿ ಮತ್ತೆ ಹೇಳಿಸಲಿ.

ಬೇಟೆಯ ನಾಯಿಯ ಪ್ರಸ್ತಾಪ ಬಂದುದರಿಂದ ಹೇಳುತ್ತೇವೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. ಹತ್ತನೆಯ ಶತಮಾನದ ನಡುವಿನ ಶಿಲಾಶಾಸನವೊಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ಗಂಗರ ವೀರನು ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಬಹುಮಾನವಾಗಿ ಒಡೆಯನಲ್ಲಿ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಡಿಸಿ ಪೂಜೆಗೆ ಭೂಮಿಯನ್ನು ಬಿಟ್ಟರು. ಇದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ, ಸಂದೇಹವಿಲ್ಲ. ಆದರೂ ಆ ಕಲ್ಲಿನ ಮುಂದೆ ನಿಂತಾಗ ನಮಗೆ ಒಂದು ಯೋಚನೆ ಬಾರದಿರಲಿಲ್ಲ. ಮುನ್ನುಗ್ಗಿದ ನಾಯಿಗೆ ಕಲ್ಲುಂಟು. ಸಾವಿರ ರಾತ್ರಿ ಕುರಿಮರಿಗಳ ನಡುವೆ ಮಲಗಿ ಒಂದನ್ನೂ ಮುಟ್ಟದ ನಾಯಿಗೆ ಯಾರೂ ಕಲ್ಲು ನೆಡಿಸಿದುದನ್ನು ನಾವು ಕಂಡಿಲ್ಲ.

ಮಕ್ಕಳಿಗೂ ಈ ವಿಷಯದಲ್ಲಿ ಪಾಠವುಂಟು, ಅದನ್ನು ತಾಯಂದಿರು ಹೇಳಬೇಕು. ಉಣ್ಣುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ತಿಂಡಿ ತೋರಿಸಿ ಕೈ ಹಿಂದಕ್ಕೆಳೆದು ಆಡಿಸಬಾರದು. ನಾಯಿಯ ತಾಳ್ಮೆಯನ್ನು ಕೆಡಿಸುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಅಟ್ಟಿಬಂದ ನಾಯಿಯ ಮುಂದೆ ಓಡದೆ, ಕೈ ಇಳಿಬಿಟ್ಟು ಮರದಂತೆ ನಿಲ್ಲಬೇಕು. ಎಷ್ಟು ಕಲಿತ ನಾಯಿಯಾದರೂ ಚಿಕ್ಕ ಮಗುವಿನೊಡನೆ ಒಂಟಿಯಾಗಿ ಬಿಡಬಾರದು. ಕಚ್ಚಿದರೆ, ಅಥವಾ ಹಲ್ಲಾಗಲಿ ಉಗುರಾಗಲಿ ತರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಎಣ್ಣೆ ಯಾವುದನ್ನೂ ಹಚ್ಚಕೂಡದು. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಎಲ್ಲ ಸರದಿಗಳನ್ನೂ ತಪ್ಪದೆ ಪೂರೈಸಬೇಕು. ಹುಚ್ಚುನಾಯಿಯ ರೋಗದ ಲಕ್ಷಣಗಳ್ಳು ತೋರಿದ ಮೇಲೆ ರೋಗಿ ಬದುಕುವುದು ಇಲ್ಲವೆಂಬಷ್ಟು ಅಪೂರ್ವ. ನಾಯಿಗೂ ಮೂರು ತಿಂಗಳ ಪ್ರಾಯದಲ್ಲಿ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಮುಂದುವರಿಸಬೇಕು.

ಕರಿಯ ಈಗ ಊರಿನಲ್ಲಿಯೇ ಇದೆ. ಕೋಳಿಗಳು ಅದರ ತಟ್ಟೆಯ ಅಂಚಿನಿಂದ ಅಗುಳು ಹೆಕ್ಕುವುದನ್ನು ನೋಡಲು ಮೊದಲ ಕೆಲವು ದಿನ ಜನ ನಿಲ್ಲುತ್ತಿದ್ದರು. ಕುರಿಮರಿಯ ವಿಷಯದಲ್ಲಿ ಮಾತ್ರ ಆ ತಾಯಿ ಪಂದ್ಯ ಕಟ್ಟುವುದಿಲ್ಲ. ಪಕ್ಕದ ಬೀದಿಯ ಮಂದೆ ಹಾದುಹೋಗುವ ಬೆಳಗ್ಗೆ ಎಂಟು ಗಂಟೆಗೂ ಸಂಜೆ ಐದೂವರೆಗೂ ಅದನ್ನು ಕಂಬಕ್ಕೆ ಕಟ್ಟಿಯೇ ಇಡುತ್ತಾರೆ. ಇದು ಸರಿಯಾದುದೆಂದೇ ನಮ್ಮ ಅಭಿಪ್ರಾಯ. ಕಲಿಸಿದ ವಿದ್ಯೆಯನ್ನು ಪ್ರತಿದಿನ ಪರೀಕ್ಷೆಗೆ ಕೂಡಿಸಬೇಕಾದುದಿಲ್ಲ.

ಶಿರಾದ ಸೋದರಿಯವರು ಪತ್ರದ ಕೊನೆಯಲ್ಲಿ, ಇದೇ ಕ್ರಮದಿಂದ ಬೆಕ್ಕಿಗೂ ಹಾಲಿನ ಮುಂದೆ ತಾಳ್ಮೆಯನ್ನು ಕಲಿಸಬಹುದೇ ಎಂದು ಕೇಳಿದ್ದಾರೆ. ಬೆಕ್ಕಿಗೆ ತಾಳ್ಮೆ ಹುಟ್ಟಿನಿಂದಲೇ ಉಂಟು. ಇಲಿಯ ಬಿಲದ ಮುಂದೆ ಅದು ಕೂರುವುದನ್ನು ನೋಡಿಯೇ ನಮ್ಮ ಹಿರಿಯರು ಕಪಟ ತಪಸ್ಸಿಗೆ ಬಿಡಾಲವ್ರತವೆಂದು ಹೆಸರಿಟ್ಟರು. ಹಾಲಿನ ಪಾತ್ರೆಗೆ ಭಾರವಾದ ಮುಚ್ಚಳವನ್ನು ಹಾಕಿಡತಕ್ಕದ್ದು.